ವಿಶ್ವಕೋಶದ ಉಗ್ರಾಣ

ವ್ಯಾಪಾರ ಬೆಳೆದಾಗ ವರ್ತಕನು ತನ್ನ ಉಗ್ರಾಣವನ್ನು ದೊಡ್ಡ ಕಟ್ಟಡಕ್ಕೆ ಸಾಗಿಸುತ್ತಾನೆ. ಅದಕ್ಕಾಗಿ ಎರಡು ದಿನ ಅಂಗಡಿ ಮುಚ್ಚಿದರೂ ಗಿರಾಕಿಗಳು ಸಹಿಸಿಕೊಳ್ಳುತ್ತಾರೆ. ಆದರೆ ಹಗಲಿರುಳೆನ್ನದೆ ಲೋಕದ ನಾನಾ ಭಾಗಗಳ ಜನರು ಬಂದು ಓದುವ, ಓದುತ್ತಲೇ ತಿದ್ದುವ ಗ್ರಂಥವೊಂದರ ಉಗ್ರಾಣವನ್ನು ಸಾಗಿಸುವುದೆಂತು? ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯವು ಈ ಪ್ರಶ್ನೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಎದುರಿಸಿದೆ.

ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು 2001ರ ಜನವರಿ 15ರಂದು ಅಮೆರಿಕದಲ್ಲಿ ಇದನ್ನು ಆರಂಭಿಸಿದರು. ಆಗ ಇದಕ್ಕೆ ಆಧಾರವಾಗಿದ್ದುದು ಯೂಸ್‌ಮಾಡ್‌ವಿಕಿ ಎಂಬ ಸರಳ ತಂತ್ರಾಂಶ. ಪ್ರತಿಯೊಂದು ಲೇಖನವೂ ಅದರಲ್ಲಿ ಒಂದೊಂದು ಕಡತ. ಕೆಲವು ನೂರು ಲೇಖನಗಳಿಗೆ ಈ ಏರ್ಪಾಡು ಸಾಕು. ಲೇಖನಗಳು ಸಾವಿರಗಟ್ಟಲೆ ಆದಾಗ, ಒಂದು ಪದವನ್ನು ಹುಡುಕಲು ಕಡತಗಳನ್ನೆಲ್ಲ ತೆರೆದು ನೋಡಬೇಕಾಗುವುದು. ಇದಕ್ಕಿಂತ ದೊಡ್ಡ ದೋಷ ಮತ್ತೊಂದಿತ್ತು. ಸ್ಥಳ ಉಳಿಸುವ ಸಲುವಾಗಿ ಆ ತಂತ್ರಾಂಶವು ಹಳೆಯ ಆವೃತ್ತಿಗಳನ್ನು ಕಾಲಕಾಲಕ್ಕೆ ಅಳಿಸಿಹಾಕುತ್ತಿತ್ತು. ಯಾರು, ಯಾವಾಗ, ಏನನ್ನು ಬರೆದರೆಂಬ ದಾಖಲೆ ಹೀಗೆ ಕರಗುತ್ತಿತ್ತು. ಸಂಬಳವಿಲ್ಲದೆ ದುಡಿದವರಿಗೆ ಸಲ್ಲುವ ಮನ್ನಣೆ ಆ ದಾಖಲೆಯೊಂದೇ ಅಲ್ಲವೆ!

ಜರ್ಮನಿಯ ವಿದ್ಯಾರ್ಥಿ ಮ್ಯಾಗ್ನಸ್ ಮಾನ್ಸ್ಕೆ ಹೊಸ ತಂತ್ರಾಂಶವೊಂದನ್ನು ರಚಿಸಿದನು. ಲೇಖನಗಳು ಬಿಡಿ ಕಡತಗಳಲ್ಲಿರದೆ ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ನೆಲೆಸಬೇಕೆಂಬುದು ಅವನ ಯೋಜನೆ. ದತ್ತಸಂಚಯವೆಂದರೆ ಕೋಷ್ಟಕಗಳಲ್ಲಿ ಜೋಡಿಸಿ, ಅನುಕ್ರಮಣಿಕೆ ಸಿದ್ಧಪಡಿಸಿ ಇಟ್ಟ ಮಾಹಿತಿಯ ಭಂಡಾರ. ಬೇಕಾದುದು ಅಲ್ಲಿ ಕ್ಷಣದಲ್ಲಿ ಸಿಗುತ್ತದೆ. 2002ರ ಜನವರಿ 25ರಂದು ಇಂಗ್ಲಿಷ್ ವಿಕಿಪೀಡಿಯ ಹೊಸ ಉಗ್ರಾಣವನ್ನು ಪ್ರವೇಶಿಸಿತು. ಸಾಗಣೆಯನ್ನು ಮಾಡಿದುದು ಯಂತ್ರವೇ. ಆದಕಾರಣ ಹಲವು ಹಳೆಯ ಲೇಖನಗಳ ಇತಿಹಾಸದಲ್ಲಿ ‘ಸ್ವಯಂಚಾಲಿತ ಪರಿವರ್ತನೆ’ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಕಾಣುತ್ತದೆ. ಮೊದಲ ತಿಂಗಳುಗಳ ಎಷ್ಟೋ ಬರಹಗಳ ದಾಖಲೆ ಶಾಶ್ವತವಾಗಿ ಹೋಯಿತೆಂದೇ ಬಹುಕಾಲ ಎಣಿಸಲಾಗಿತ್ತು. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞನಿಗೆ ಹಳೆಯ ಕಡತಗಳ ನಡುವೆ 2001ರ ಆಗಸ್ಟ್ ವರೆಗಿನ ಪ್ರತಿಗಳು ದೊರೆತವು. ಯಾರೋ ತೆಗೆದಿಟ್ಟು ಮರೆತ ನಕಲುಗಳು ಅವು!

ಓದುಗರು ಹೆಚ್ಚಿದಂತೆ ಮಾನ್ಸ್ಕೆಯ ತಂತ್ರಾಂಶವೂ ನಿಧಾನವಾಯಿತು. ಲೀ ಡೇನಿಯಲ್ ಕ್ರಾಕರ್ ಅದೇ ವರ್ಷ ಅದನ್ನು ಹೊಸದಾಗಿ ಬರೆದನು. ಮುಂದೆ ಮೀಡಿಯಾವಿಕಿ ಎಂದು ಹೆಸರಾದುದು ಇದೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಅದೇ ಆಧಾರ.

ಹತ್ತು ವರ್ಷಗಳ ತರುವಾಯ ಮತ್ತೊಂದು ಸ್ಥಳಾಂತರ ಒದಗಿತು. ಈ ಬಾರಿ ಕಾರಣ ಇಕ್ಕಟ್ಟಲ್ಲ. ಮೈಎಸ್‌ಕ್ಯೂಎಲ್‌ನ ಒಡೆತನ 2008ರಲ್ಲಿ ಸನ್ ಕಂಪನಿಗೂ, 2010ರಲ್ಲಿ ಆರಕಲ್ ಕಂಪನಿಗೂ ಹೋಗಿತ್ತು. ಅದರ ನಿರ್ಮಾಪಕರಲ್ಲಿ ಒಬ್ಬನಾದ ಫಿನ್ಲೆಂಡಿನ ಮಾಂಟಿ ವಿಡೆನಿಯಸ್, ಅದೇ ಮೂಲದಿಂದ ಮರಿಯಾಡಿಬಿ ಎಂಬ ಮುಕ್ತ ಶಾಖೆಯನ್ನು ಬೆಳೆಸಿದ್ದನು. ಹಿರಿಯ ಮಗಳು ಮೈಯ ಹೆಸರು ಮೊದಲನೆಯದಕ್ಕೆ, ಕಿರಿಯಳಾದ ಮರಿಯಾಳ ಹೆಸರು ಎರಡನೆಯದಕ್ಕೆ! ಎಲ್ಲರ ಸ್ವತ್ತಾದ ಗ್ರಂಥವು ಮುಕ್ತ ಭಂಡಾರದಲ್ಲಿಯೇ ಇರಲೆಂದು ವಿಕಿಪೀಡಿಯದ ತಂತ್ರಜ್ಞರು ಬಯಸಿದರು.

ಅವರು ಅವಸರಪಡಲಿಲ್ಲ. ವಿಕಿಪೀಡಿಯದಲ್ಲಿ ಬರಹವನ್ನು ಸ್ವೀಕರಿಸುವ ಮುಖ್ಯ ಸರ್ವರ್ ಒಂದು. ಅದನ್ನು ನಕಲು ಮಾಡಿಕೊಂಡು ಓದುಗರಿಗೆ ಒದಗಿಸುವ ಉಪ ಸರ್ವರುಗಳು ಹಲವು. ಮೊದಲು ಇಂಗ್ಲಿಷ್ ವಿಕಿಪೀಡಿಯದ ಒಂದು ಉಪ ಸರ್ವರಿನಲ್ಲಿ ಮಾತ್ರ ಮರಿಯಾಡಿಬಿ ಸ್ಥಾಪಿಸಿ, ನಿಜವಾದ ಓದುಗರ ಕೋರಿಕೆಗಳಿಗೆ ಅದು ಉತ್ತರಿಸುವ ವೇಗವನ್ನು ಅಳೆದರು. ಸರಾಸರಿಯಲ್ಲಿ ಅದು ಸುಮಾರು 8 ಶೇಕಡಾ ಚುರುಕಾಗಿತ್ತು. ಕೆಲವು ಬಗೆಯ ಕೋರಿಕೆಗಳಲ್ಲಿ ತುಸು ಹಿಂದೆಯೂ ಬಿದ್ದಿತು. 2013ರ ಏಪ್ರಿಲ್ ವೇಳೆಗೆ ಇಂಗ್ಲಿಷ್ ವಿಕಿಪೀಡಿಯ ಸ್ಥಳಾಂತರಗೊಂಡಿತು.

ಇಂತಹ ಕಾರ್ಯದಲ್ಲಿ ಕಠಿಣವಾದುದು ಮುಖ್ಯ ಸರ್ವರನ್ನು ಬದಲಿಸುವ ಗಳಿಗೆ. ಒಬ್ಬನ ಬರಹ ಹಳೆಯದಕ್ಕೂ ಮತ್ತೊಬ್ಬನದು ಹೊಸದಕ್ಕೂ ಸೇರಿದರೆ, ಒಂದೇ ಅಂಗಡಿಗೆ ತಾಳೆಯಾಗದ ಎರಡು ಲೆಕ್ಕದ ಪುಸ್ತಕಗಳಾದಂತೆ. ಆದುದರಿಂದ ಬರೆಯುವ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಓದುವ ಬಾಗಿಲು ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ತಿದ್ದಲು ಬಂದವನಿಗೆ ಸ್ವಲ್ಪ ಕಾದು ಬರುವಂತೆ ಸೂಚನೆ ಕಾಣುತ್ತದೆ. ಓದುತ್ತ ಕುಳಿತವನಿಗೆ ಏನೂ ತಿಳಿಯುವುದಿಲ್ಲ.