ಬೆಕ್ಕಿನ ಮರಿಯ ಹೊಟ್ಟೆಹುಳು: ಗುರುತಿಸುವ ಬಗೆ, ನೀಗಿಸುವ ಕ್ರಮ

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ ಸೇರಿದ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಬೆಕ್ಕು ಸಾಕುವುದು ಬಹುಮಟ್ಟಿಗೆ ಇಲಿಯ ಕಾಟಕ್ಕೆ ಅಂಜಿಯೇ; ಕಬ್ಬು, ಭತ್ತದ ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಮನೆ, ಕೊಟ್ಟಿಗೆ, ಹುಲ್ಲಿನ ಮೆದೆಗಳತ್ತ ಸರಿಯುತ್ತವೆ. ಆದರೆ ಅದೇ ಇಲಿ, ನಾಲೆಯ ನೀರಿನಿಂದ ಸದಾ ತೇವವಾಗಿರುವ ಹಿತ್ತಲು ಹಾಗೂ ತಾಯಿಬೆಕ್ಕಿನ ಹಾಲು, ಈ ಮೂರೂ ಮರಿಯ ಕರುಳಿಗೆ ಪರಾವಲಂಬಿ ಜೀವಿಗಳನ್ನು, ಅಂದರೆ ಇನ್ನೊಂದು ಪ್ರಾಣಿಯ ದೇಹದಲ್ಲಿ ನೆಲೆಸಿ ಅದರ ಆಹಾರ ಅಥವಾ ರಕ್ತದಿಂದ ಬದುಕುವ ಜೀವಿಗಳನ್ನು, ತಂದು ಸೇರಿಸುತ್ತವೆ. ಬೀದಿಯಲ್ಲಿ ಅಥವಾ ಕೊಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ಹುಳು ಇದೆಯೆಂದೇ ಭಾವಿಸಿ ಆರೈಕೆ ಆರಂಭಿಸುವುದು ಸರಿಯಾದ ಕ್ರಮ.

ಮೊದಲು ನೋಡಬೇಕಾದದ್ದು ಮರಿಯ ಮೈಕಟ್ಟು. ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿ ಹೊಟ್ಟೆ ಮಾತ್ರ ಡೊಳ್ಳಾಗಿರುವುದು, ಕೂದಲು ಕಾಂತಿಗೆಟ್ಟು ಒರಟಾಗಿರುವುದು, ವಾಂತಿಯಲ್ಲಿ ಅಥವಾ ಮಲದಲ್ಲಿ ಶ್ಯಾವಿಗೆಯ ಎಳೆಯಂಥ, 3ರಿಂದ 10 ಸೆಂಟಿಮೀಟರ್ ಉದ್ದದ ಬಿಳಿ ಹುಳುಗಳು ಕಾಣುವುದು ದುಂಡುಹುಳುವಿನ ಲಕ್ಷಣ. ಟಾಕ್ಸೊಕಾರ ಕ್ಯಾಟಿ ಎಂಬ ಈ ಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಬರುವುದರಿಂದ ಮನೆಯಿಂದ ಹೊರಗೆ ಕಾಲಿಡದ ಮರಿಗೂ ಇದು ತಪ್ಪಿದ್ದಲ್ಲ. ಗುದದ ಸುತ್ತ ಅಥವಾ ಮಲಗುವ ಬಟ್ಟೆಯ ಮೇಲೆ ಅಕ್ಕಿಕಾಳಿನ ಗಾತ್ರದ, ಹಸಿಯಿರುವಾಗ ಮಿಸುಕಾಡುವ ತುಣುಕುಗಳಿದ್ದರೆ ಅವು ಲಾಡಿಹುಳುವಿನ ಖಂಡಗಳು; ಮರಿಯು ಮೈ ನೆಕ್ಕುವಾಗ ನುಂಗಿದ ಚಿಗಟದಿಂದ ಒಂದು ಬಗೆಯ ಲಾಡಿಹುಳುವೂ, ಹಿಡಿದು ತಿಂದ ಇಲಿಯಿಂದ ಇನ್ನೊಂದು ಬಗೆಯದೂ ಬರುತ್ತದೆ.

ಹೆಚ್ಚು ಅಪಾಯಕಾರಿಯಾದದ್ದು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಕೊಕ್ಕೆಹುಳು. ತೇವ, ನೆರಳು ಇರುವ ಮಣ್ಣಿನಲ್ಲಿ ಬೆಳೆಯುವ ಇದರ ಲಾರ್ವಾಗಳು, ಅಂದರೆ ಮರಿಹುಳುಗಳು, ಬಾಯಿಂದಷ್ಟೇ ಅಲ್ಲದೆ ಚರ್ಮವನ್ನು ಕೊರೆದೂ ಒಳಹೋಗಿ, ಬೆಳೆದ ಮೇಲೆ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಮಲ ಡಾಂಬರಿನಂತೆ ಕಪ್ಪಾಗುವುದೂ ಮರಿಯ ತುಟಿ ಎತ್ತಿ ನೋಡಿದಾಗ ಗುಲಾಬಿ ಬಣ್ಣವಿರಬೇಕಾದ ಒಸಡು ಬಿಳಿಚಿಕೊಂಡಿರುವುದೂ ಇದರ ಗುರುತುಗಳಾಗಿದ್ದು, ಒಸಡು ಬಿಳಿಚಿದ ಮರಿಯನ್ನು ಮಾರನೆಯ ದಿನಕ್ಕೆ ಕಾಯಿಸದೆ ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ವೈದ್ಯರ ಬಳಿಗೆ ಒಯ್ಯಬೇಕು. ಲೋಳೆ ಅಥವಾ ರಕ್ತ ಬೆರೆತ ಭೇದಿಗೆ ಕಾಕ್ಸಿಡಿಯ, ಗಿಯಾರ್ಡಿಯ ಎಂಬ ಏಕಕೋಶ ಜೀವಿಗಳೂ ಕಾರಣವಾಗಬಹುದು. ಹಸುವಿನ ಹಾಲು ಒಗ್ಗದೆ ಆಗುವ ಭೇದಿಯನ್ನು ಹುಳುವೆಂದು ತಿಳಿದು ಔಷಧ ಕುಡಿಸುವುದೂ ಸಾಮಾನ್ಯವಾದ್ದರಿಂದ, ಮೊದಲು ಆ ಹಾಲನ್ನು ನಿಲ್ಲಿಸಿ ನೋಡುವುದು ಒಳ್ಳೆಯದು. ವಾಂತಿ, ಭೇದಿಗಳ ಜೊತೆಗೆ ಮರಿ ಆಹಾರವನ್ನೇ ಮುಟ್ಟದಿದ್ದರೆ ಅದು ಪ್ಯಾನ್‌ಲ್ಯೂಕೊಪೀನಿಯ ಎಂಬ ಮಾರಕ ವೈರಾಣು ರೋಗವೂ ಆಗಿರಬಹುದು.

ಈ ಗೊಂದಲವನ್ನು ಬಿಡಿಸುವುದು ಮಲಪರೀಕ್ಷೆ. ಅದೇ ದಿನದ ಮಲವನ್ನು ಮಣ್ಣು ತಾಗದಂತೆ ಒಣ ಡಬ್ಬಿಯಲ್ಲಿ ಹಾಕಿ ಕೆಲವೇ ಗಂಟೆಗಳೊಳಗೆ ತಾಲ್ಲೂಕು ಪಶು ಆಸ್ಪತ್ರೆಗೆ ತಲುಪಿಸಿದರೆ, ಗಾಢ ಉಪ್ಪುನೀರಿನಲ್ಲಿ ಕದಡಿ ಮೇಲೆ ತೇಲಿಬಂದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಲು ಸಾಧ್ಯವಾಗುತ್ತದೆ. ಲಾಡಿಹುಳುವಿನ ಮೊಟ್ಟೆಗಳು ಖಂಡದೊಳಗೇ ಉಳಿದು ಈ ಪರೀಕ್ಷೆಗೆ ಸಿಗದಿರುವುದುಂಟು. ಆದಕಾರಣ ಕಂಡ ತುಣುಕನ್ನು ಅಥವಾ ಅದರ ಫೋಟೊವನ್ನು ಜೊತೆಗೆ ಒಯ್ಯಬೇಕು.

ಔಷಧದ ಪ್ರಮಾಣ ನಿರ್ಧಾರವಾಗುವುದು ತೂಕದಿಂದ. ನಾಲ್ಕು ವಾರದ ಮರಿ ಸುಮಾರು 400 ಗ್ರಾಂ ಮಾತ್ರ ತೂಗುವುದರಿಂದ ಅಂದಾಜು ಇಲ್ಲಿ ಸಲ್ಲದು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಡಬ್ಬಿಯಲ್ಲಿ ಕೂರಿಸಿ ತೂಗಿ, ಡಬ್ಬಿಯ ತೂಕವನ್ನು ಕಳೆದು ವೈದ್ಯರಿಗೆ ತಿಳಿಸಬೇಕು. ದುಂಡುಹುಳು, ಕೊಕ್ಕೆಹುಳುಗಳಿಗೆ ಪೈರಾಂಟೆಲ್ ಅಥವಾ ಫೆನ್‌ಬೆಂಡಜೋಲ್, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್, ಕಾಕ್ಸಿಡಿಯಕ್ಕೆ ಸಲ್ಫಾ ವರ್ಗದ ಔಷಧ ಎಂದು ಒಂದೊಂದಕ್ಕೂ ಮದ್ದು ಬೇರೆಯಾಗಿದೆ.

ಈ ಭಾಗದಲ್ಲಿ ಅಪಾಯ ಅಡಗಿರುವುದು ಮನೆಯ ಸೂರಿಗೆ ಸಿಕ್ಕಿಸಿದ ಹಳೆಯ ಸೀಸೆಯಲ್ಲಿ. ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಹೆಸರು ಪಡೆದ ಕುರಿತಳಿಯ ಈ ನಾಡಿನಲ್ಲಿ ಕುರಿಗೆ ಕುಡಿಸಿ ಉಳಿದ ಜಂತುಹುಳು ಔಷಧ ಕೈಗೆ ಸಿಗುವಂತಿರುವುದರಿಂದ ‘ಎರಡು ಹನಿ’ ಮರಿಗೂ ಹಾಕುವ ಯೋಚನೆ ಸುಲಭವಾಗಿ ಬರುತ್ತದೆ. ಅಂಥ ಔಷಧಗಳಲ್ಲಿ ಹಲವು ಸಲ ಇರುವ ಆಲ್ಬೆಂಡಜೋಲ್ ಬೆಕ್ಕುಗಳಲ್ಲಿ ಮೂಳೆಮಜ್ಜೆಯನ್ನು, ಅಂದರೆ ರಕ್ತಕಣಗಳು ಹುಟ್ಟುವ ತಾಣವನ್ನೇ, ಕುಗ್ಗಿಸಬಲ್ಲದು. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಮಾತ್ರೆಯೂ ಇದೇ ಔಷಧವಾದ್ದರಿಂದ ಅದನ್ನೂ ಮರಿಗೆ ಕೊಡಬಾರದು. ಹುಳುವಿಗೆ ಮದ್ದೆಂದು ಕೆಲವರು ಅರೆದು ತಿನ್ನಿಸುವ ಬೆಳ್ಳುಳ್ಳಿಯು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಕೊಕ್ಕೆಹುಳುವಿನಿಂದ ಮೊದಲೇ ರಕ್ತ ಕಳೆದುಕೊಂಡ ಮರಿಗೆ ಅದು ಎರಡನೆಯ ಪೆಟ್ಟಾಗುತ್ತದೆ.

ಒಂದೇ ಸಲದ ಔಷಧದಿಂದ ಕೆಲಸ ಮುಗಿಯದು. ಔಷಧ ಕೊಲ್ಲುವುದು ಕರುಳಿನಲ್ಲಿರುವ ಹುಳುಗಳನ್ನು. ಯಕೃತ್ತು, ಶ್ವಾಸಕೋಶಗಳ ದಾರಿಯಲ್ಲಿ ಇನ್ನೂ ಸಂಚರಿಸುತ್ತಿರುವ ಲಾರ್ವಾಗಳು ತಪ್ಪಿಸಿಕೊಂಡು ಆಮೇಲೆ ಕರುಳಿಗೆ ಇಳಿಯುತ್ತವೆ. ಇದೇ ಕಾರಣದಿಂದ 3, 5, 7, 9ನೆಯ ವಾರಗಳಲ್ಲಿಯೂ, ಅಲ್ಲಿಂದ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆಯೂ ಔಷಧ ಕೊಡುವ ಕ್ರಮ ರೂಢಿಯಲ್ಲಿದೆ. ಹಾಲೂಡಿಸುವ ತಾಯಿಗೂ ಮರಿಗಳ ಜೊತೆಯಲ್ಲೇ ಚಿಕಿತ್ಸೆಯಾಗಬೇಕು.

ಚಿಗಟವನ್ನು ಉಳಿಸಿಕೊಂಡು ಲಾಡಿಹುಳುವನ್ನು ನೀಗಿಸಲಾಗದು. ಎಳೆಯ ಮರಿಗೆ ಸಣ್ಣ ಹಲ್ಲಿನ ಹೇನುಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿ, ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದೇ ನಿರಪಾಯದ ಮಾರ್ಗ. ದನದ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಹಾಗೂ ನಾಯಿಯ ಚಿಗಟಕ್ಕೆ ಬಳಸುವ ಪರ್ಮೆಥ್ರಿನ್ ಪೈರೆಥ್ರಾಯ್ಡ್ ವರ್ಗದವಾಗಿದ್ದು, ಬೆಕ್ಕಿನ ಯಕೃತ್ತು ಇವುಗಳನ್ನು ಸಾಕಷ್ಟು ಬೇಗ ವಿಭಜಿಸಲಾರದ್ದರಿಂದ ನಡುಕ, ಸೆಳವು ಬಂದು ಮರಿ ಸಾಯಬಹುದು. ರೇಷ್ಮೆ ಬೆಳೆಯುವ ಮನೆಗಳಿಗೆ ಇನ್ನೂ ಒಂದು ಎಚ್ಚರ ಅಗತ್ಯ: ಕೀಟವನ್ನು ಕೊಲ್ಲುವ ಯಾವುದೇ ಸಿಂಪಡಣೆಯ ಅಂಶ ಹುಳು ಸಾಕಣೆಯ ಕೋಣೆಗೆ ತಲುಪಿದರೆ ರೇಷ್ಮೆಹುಳುವೂ ಕೀಟವೇ ಆದ್ದರಿಂದ ಬೆಳೆಯೇ ಕೈಬಿಟ್ಟೀತು.

ಮಲವನ್ನು ದಿನವೂ ತೆಗೆದು ಆಳವಾಗಿ ಹೂಳುವುದು ಔಷಧದಷ್ಟೇ ಮುಖ್ಯ. ದುಂಡುಹುಳುವಿನ ಮೊಟ್ಟೆ ಹೊರಬಿದ್ದ ಕೂಡಲೇ ಸೋಂಕು ಹರಡದೆ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿಯಬೇಕಾಗಿದ್ದು, ಬಲಿತ ಮೇಲೆ ವರ್ಷಗಟ್ಟಲೆ ಉಳಿಯಬಲ್ಲದು. ಅದನ್ನು ನುಂಗಿದ ಮಕ್ಕಳಲ್ಲಿ ಲಾರ್ವಾ ಕಣ್ಣನ್ನೂ ಸೇರಬಹುದು. ಕೊಕ್ಕೆಹುಳುವಿನ ಲಾರ್ವಾ ಬರಿಗಾಲಿನ ಚರ್ಮದಡಿ ಹರಿದು ತುರಿಕೆಯ ಗೆರೆ ಎಬ್ಬಿಸುತ್ತದೆ. ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಜೀವಿಯು ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದ್ದರಿಂದ ಬಸುರಿಯರು ಬೆಕ್ಕಿನ ಮಲ ತೆಗೆಯುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಬೇಕು. ಬೆಕ್ಕನ್ನು ಮನೆಯಿಂದ ಅಟ್ಟುವ ಅಗತ್ಯವಿಲ್ಲ.

ಆರು ತಿಂಗಳು ದಾಟಿದ ಮೇಲೂ ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಕನಿಷ್ಠ ಮೂರು ತಿಂಗಳಿಗೊಮ್ಮೆ, ದುಂಡುಹುಳು ಮತ್ತು ಲಾಡಿಹುಳು ಎರಡನ್ನೂ ಕೊಲ್ಲುವ ಔಷಧವನ್ನು ಪ್ರತಿ ಬಾರಿಯೂ ಹೊಸದಾಗಿ ತೂಗಿಯೇ ಕೊಡಬೇಕು.