ನಾವು ಯೋಚಿಸಿದ್ದೇ ನಿಜ ಆಗುತ್ತಾ? ಕ್ವಾಂಟಮ್, ಮ್ಯಾನಿಫೆಸ್ಟೇಷನ್ ಮತ್ತು ಪ್ರಾರ್ಥನೆ

 

ಇವತ್ತಿನ ವಿಷಯ ನಿಮ್ಮ ಫೋನಿನಲ್ಲೇ ಇದೆ. ರೀಲ್ಸ್ ನೋಡುವವರಿಗೆ ಇದು ಬಂದೇ ಬಂದಿರುತ್ತೆ. ಮನುಷ್ಯ ಗಮನಿಸಿದರೆ ಎಲೆಕ್ಟ್ರಾನ್ ಬದಲಾಗುತ್ತೆ, ಹಾಗಾದರೆ ನೀವು ಯೋಚಿಸಿದರೆ ನಿಮ್ಮ ಜೀವನವೂ ಬದಲಾಗುತ್ತೆ, ಇದು ಸೈನ್ಸ್ ಅಂತಾರೆ. ಬೇಕಾದದ್ದನ್ನು ಬೆಳಿಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ ಬರೆಯಿರಿ, ಯೂನಿವರ್ಸ್ ಕೊಡುತ್ತೆ ಅಂತಾರೆ. ಕೆಲವರು ಇದಕ್ಕೆ ಇಬ್ರಿಯ 11:3 ಸೇರಿಸಿ, ಬೈಬಲ್ಲಿನಲ್ಲೇ ಕ್ವಾಂಟಮ್ ಇದೆ ಅಂತಾನೂ ಹೇಳ್ತಾರೆ.

ಇದು ಇವತ್ತಿನ ಮಾತಲ್ಲ. 1989ರಲ್ಲಿ ದೀಪಕ್ ಚೋಪ್ರಾ ಕ್ವಾಂಟಮ್ ಹೀಲಿಂಗ್ ಅಂತ ಪುಸ್ತಕ ಬರೆದರು. 2006ರಲ್ಲಿ ದ ಸೀಕ್ರೆಟ್ ಬಂದು, ಆಕರ್ಷಣೆಯ ನಿಯಮ ಎಂಬ ಮಾತನ್ನು ಪ್ರಪಂಚಕ್ಕೆಲ್ಲ ಹಂಚಿತು. ಈಗ ಅದೇ ಸರಕು 30 ಸೆಕೆಂಡಿನ ವಿಡಿಯೋ ಆಗಿದೆ. ಸರಿ, ಮೊದಲು ಸೈನ್ಸನ್ನೇ ನೋಡೋಣ.

1. ಗಮನಿಸುವುದು ಅಂದರೆ ಏನು?

ಕ್ವಾಂಟಮ್ ಫಿಸಿಕ್ಸ್ ಸುಳ್ಳಲ್ಲ. ನಿಮ್ಮ ಕೈಯಲ್ಲಿರುವ ಫೋನಿನ ಚಿಪ್, ಎಲ್‌ಇಡಿ ದೀಪ, ಆಸ್ಪತ್ರೆಯ ಎಂಆರ್‌ಐ ಎಲ್ಲವೂ ಅದರ ಮೇಲೇ ನಿಂತಿವೆ. ಎರಡು ಸೀಳುಗಳ ಪ್ರಯೋಗವೂ ನಿಜ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎರಡು ಸಣ್ಣ ಸೀಳುಗಳ ಕಡೆ ಬಿಟ್ಟರೆ, ಹಿಂದಿನ ಪರದೆಯ ಮೇಲೆ ಅಲೆಗಳು ಮಾಡುವಂಥ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಿಂದ ಹೋಯಿತು ಅಂತ ಪತ್ತೆ ಮಾಡಲು ಡಿಟೆಕ್ಟರ್ ಇಟ್ಟರೆ ಆ ಪಟ್ಟೆಗಳು ಮಾಯ.

ಆದರೆ ಇಲ್ಲಿ ಗಮನಿಸುವುದು ಅಂದರೆ ಮನುಷ್ಯನ ಮನಸ್ಸು ಅಂತಲ್ಲ, ಪ್ರಿಯರೇ. ವಿಯೆನ್ನಾದ ವಿಜ್ಞಾನಿಗಳು 1999ರಲ್ಲಿ 60 ಕಾರ್ಬನ್ ಪರಮಾಣುಗಳ ದೊಡ್ಡ ಅಣುವಿನಲ್ಲೂ ಈ ಅಲೆ ಗುಣ ತೋರಿಸಿದರು. ಆಮೇಲೆ ಇಂಥದೇ ದೊಡ್ಡ ಅಣುಗಳ ಪ್ರಯೋಗದಲ್ಲಿ ಒಳಗೆ ಸ್ವಲ್ಪ ಸ್ವಲ್ಪ ಗ್ಯಾಸ್ ಬಿಟ್ಟರು, ಪಟ್ಟೆಗಳು ಮಸುಕಾದವು. ಅಣುಗಳನ್ನು ತುಂಬಾ ಬಿಸಿ ಮಾಡಿದರು, ಆಗಲೂ ಮಸುಕಾದವು. ಅಲ್ಲಿ ಯಾರು ಧ್ಯಾನ ಮಾಡಿದರು? ಯಾರು ಪಾಸಿಟಿವ್ ಆಗಿ ಯೋಚಿಸಿದರು? ಯಾರೂ ಇಲ್ಲ. ಗ್ಯಾಸಿನ ಕಣ ಬಡಿದರೆ ಸಾಕು, ಬಿಸಿ ಅಣು ತಾನೇ ಬೆಳಕು ಸೂಸಿದರೆ ಸಾಕು. ಎಲ್ಲಿಂದ ಹೋಯಿತು ಎಂಬ ಗುರುತು ಸುತ್ತಮುತ್ತ ಉಳಿದುಬಿಡುತ್ತೆ, ಅಲೆ ಗುಣ ಕಾಣದಾಗುತ್ತೆ.

ಹಾಗಾದರೆ ಪ್ರಜ್ಞೆಯ ಮಾತು ಎಲ್ಲಿಂದ ಬಂತು? ಯೂಜೀನ್ ವಿಗ್ನರ್ ಎಂಬ ದೊಡ್ಡ ವಿಜ್ಞಾನಿ 1961ರಲ್ಲಿ, ಅಳತೆ ಪೂರ್ತಿಯಾಗುವುದರಲ್ಲಿ ಪ್ರಜ್ಞೆಗೂ ಪಾತ್ರ ಇದೆ ಅಂತ ಬರೆದರು. ಮುಂದೆ ಅವರೇ ಆ ಅಭಿಪ್ರಾಯದಿಂದ ಹಿಂದೆ ಸರಿದರು. ರೀಲ್ಸಿನವರು ಮೊದಲರ್ಧ ಮಾತ್ರ ಹೇಳ್ತಾರೆ. ಅಳತೆ ಆಗುವಾಗ ನಿಜವಾಗಿ ಏನು ನಡೆಯುತ್ತೆ ಅಂತ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ, ಅದು ಸರಿ. ಆದರೆ ಆ ಚರ್ಚೆಯಿಂದ ಯಾರಿಗೂ ಕಾರು ಸಿಗಲ್ಲ.

2. ಆಯ್ಕೆ ನಮ್ಮದಲ್ಲ

ಇದನ್ನು ಚೆನ್ನಾಗಿ ಹಿಡಿದುಕೊಳ್ಳಿ. ವಾದಕ್ಕೆ, ಮನಸ್ಸೇ ಅಳತೆ ಮಾಡುತ್ತೆ ಅಂತ ಒಪ್ಪಿದರೂ, ಮ್ಯಾನಿಫೆಸ್ಟೇಷನ್ ನಿಲ್ಲಲ್ಲ. ಯಾಕೆ? ಯಾವ ಫಲಿತಾಂಶ ಬರಬೇಕು ಅಂತ ಅಳೆಯುವವನು ಆರಿಸಲು ಆಗಲ್ಲ. 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟ ನಿಯಮ ಹೇಳುವುದು ಸಾಧ್ಯತೆಯನ್ನು ಮಾತ್ರ. ಎಲೆಕ್ಟ್ರಾನ್ ಪರದೆಯ ಎಡಗಡೆಗೇ ಬೀಳಲಿ ಅಂತ ವಿಜ್ಞಾನಿ ಎಷ್ಟೇ ಆಸೆಪಟ್ಟರೂ ಲೆಕ್ಕ ಬದಲಾಗಲ್ಲ. ಒಂದು ಎಲೆಕ್ಟ್ರಾನೇ ನಮ್ಮ ಮಾತು ಕೇಳದಿದ್ದರೆ, ಎಚ್‌ಆರ್ ಮ್ಯಾನೇಜರ್ ಕೇಳ್ತಾರಾ?

3. ಈ ಬೋಧನೆ ಯಾರ ಮೇಲೆ ಭಾರ ಹಾಕುತ್ತೆ?

ನನ್ನ ನಿಜವಾದ ಕಳವಳ ಇಲ್ಲಿದೆ. ನಿಮ್ಮ ಯೋಚನೆಯೇ ನಿಮ್ಮ ರಿಯಾಲಿಟಿ ಅನ್ನೋದು ಎಲ್ಲ ಚೆನ್ನಾಗಿರುವಾಗ ಕೇಳಲು ಸಿಹಿ. ಲೇಆಫ್ ಆದ ತಮ್ಮನಿಗೆ, ಗರ್ಭಪಾತವಾದ ತಂಗಿಗೆ, ತಾಯಿಗೆ ಕ್ಯಾನ್ಸರ್ ಅಂತ ಇವತ್ತು ತಿಳಿದ ಮಗನಿಗೆ ಅದೇ ಮಾತು ಏನು ಹೇಳುತ್ತೆ? ನೀನೇ ಇದನ್ನು ಕರೆದುಕೊಂಡೆ, ನಿನ್ನ ವೈಬ್ರೇಷನ್ ಸರಿ ಇರಲಿಲ್ಲ ಅನ್ನುತ್ತೆ. ನೊಂದವರ ಮೇಲೆ ಇನ್ನೊಂದು ಕಲ್ಲು!

ಯೋಬನ ಸ್ನೇಹಿತರು ಮಾಡಿದ್ದು ಇದನ್ನೇ. ಕಷ್ಟ ಬಂದಿದೆ ಅಂದರೆ ತಪ್ಪು ನಿನ್ನದೇ ಅಂದರು. ಕೊನೆಗೆ ದೇವರು ಕೋಪಗೊಂಡದ್ದು ಆ ಸ್ನೇಹಿತರ ಮೇಲೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ, ಪಾಪ ಯಾರದು ಅಂತ ಶಿಷ್ಯರು ಕೇಳಿದಾಗ, ಯೇಸು ಅವನ ಮೇಲೂ ತಪ್ಪು ಹೊರಿಸಲಿಲ್ಲ, ಅವನ ತಂದೆತಾಯಿ ಮೇಲೂ ಹೊರಿಸಲಿಲ್ಲ. ನಮ್ಮ ಸಭೆಗಳಲ್ಲೂ ಎಚ್ಚರ ಬೇಕು. ವೈಬ್ರೇಷನ್ ಎಂಬ ಪದ ತೆಗೆದು ವಿಶ್ವಾಸ ಸಾಲದು ಅಂತ ಹಾಕಿದರೆ, ಭಾರ ಅದೇ ಭಾರ.

4. ಪ್ರಾರ್ಥನೆ ಮ್ಯಾನಿಫೆಸ್ಟೇಷನ್ ಅಲ್ಲ

ಇಬ್ರಿಯ 11:3 ಓದಿ ನೋಡಿ. ಲೋಕವನ್ನು ಉಂಟುಮಾಡಿದ್ದು ದೇವರ ಮಾತು. ಅಲ್ಲಿ ನನ್ನ ಯೋಚನೆಯ ಸುದ್ದಿಯೇ ಇಲ್ಲ. ಮ್ಯಾನಿಫೆಸ್ಟೇಷನ್ನಿನಲ್ಲಿ ಸಿಂಹಾಸನದ ಮೇಲೆ ಕೂತಿರುವುದು ನಾನು. ಪ್ರಾರ್ಥನೆಯಲ್ಲಿ ಕೂತಿರುವುದು ನನ್ನ ತಂದೆ. ಗೆತ್ಸೇಮನೆಯಲ್ಲಿ ಯೇಸು ತನ್ನ ದುಃಖವನ್ನು ಮುಚ್ಚಿಡಲಿಲ್ಲ. ಬೇಕಾದದ್ದನ್ನು ಕೇಳಿದನು, ನಿರ್ಧಾರವನ್ನು ತಂದೆಗೆ ಬಿಟ್ಟನು. ಪೌಲನೂ ತನ್ನ ಮುಳ್ಳಿಗಾಗಿ 3 ಸಲ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಅವನ ಫ್ರೀಕ್ವೆನ್ಸಿ ಕಡಿಮೆ ಆಯ್ತು ಅಂತ ಯಾರಾದರೂ ಹೇಳ್ತೀರಾ?

ಹಾಗಂತ ಯೋಚನೆಗೆ ಬೆಲೆ ಇಲ್ಲ ಅಂತಲ್ಲ. ಒಳ್ಳೆ ನಿರೀಕ್ಷೆ ಇಟ್ಟುಕೊಂಡವನು ಓದುತ್ತಾನೆ, ಅರ್ಜಿ ಹಾಕುತ್ತಾನೆ. ಆದರೆ ಕನಸು ಕಾಣುತ್ತಾ ಕೂರುವುದು ಬೇರೆ. ಗೇಬ್ರಿಯೆಲ್ ಎಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ ಜರ್ಮನಿಯ ಪದವೀಧರರನ್ನು ಗಮನಿಸಿ 2002ರಲ್ಲಿ ಇದನ್ನು ಪ್ರಕಟಿಸಿದರು: ಕೆಲಸ ಸಿಕ್ಕ ಹಾಗೆ ಹೆಚ್ಚು ಸಿಹಿ ಕಲ್ಪನೆ ಮಾಡಿಕೊಂಡವರು ಅರ್ಜಿ ಹಾಕಿದ್ದು ಕಡಿಮೆ, ಅವರಿಗೆ ಬಂದ ಆಫರ್‌ಗಳೂ ಕಡಿಮೆ.

ಆದ್ದರಿಂದ ಈ ವಾರ ಮೂರು ಕೆಲಸ ಮಾಡಿ. ಒಂದು, ಕ್ವಾಂಟಮ್ ಎಂಬ ಪದ ಕೇಳಿದಾಗ, ಯಾವ ಪ್ರಯೋಗ, ಯಾರು ಮಾಡಿದ್ದು ಅಂತ ಕೇಳಿ. ಎರಡು, ನಿಮಗೆ ಬೇಕಾದದ್ದನ್ನು 3-6-9 ಲೆಕ್ಕ ಇಲ್ಲದೆ ತಂದೆಯ ಹತ್ತಿರ ನೇರವಾಗಿ ಹೇಳಿ, ಅಳು ಬಂದರೆ ಅಳಿ. ಮೂರು, ಕಷ್ಟದಲ್ಲಿರುವ ಒಬ್ಬರ ಮನೆಗೆ ಹೋಗಿ ಬನ್ನಿ. ಕಾರಣ ಹುಡುಕಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ.

ಪ್ರಾರ್ಥಿಸೋಣ. ತಂದೆಯೇ, ಎಲ್ಲವನ್ನೂ ನಾವೇ ಸೃಷ್ಟಿಸಬೇಕು ಎಂಬ ಭಾರದಿಂದ ಈ ಮಕ್ಕಳನ್ನು ಬಿಡಿಸು. ನಿನ್ನನ್ನು ನಂಬಿ ಕೆಲಸ ಮಾಡಲು, ನಿನ್ನನ್ನು ನಂಬಿ ಕಾಯಲು ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.