ಒಬ್ಬರ ಕೈಯಲ್ಲಿ ಇಡೀ ಪೇಟೆ



ಜನರಿಗೆ ಬೇಕಾದ ಸರಕನ್ನು ಮಾರುವವನು ಒಬ್ಬನೇ ಆದರೆ ಅವನು ಹೇಳಿದ್ದೇ ಬೆಲೆ. ಇದೇ ಏಕಸ್ವಾಮ್ಯ. ಅದು ಬೆಳೆಯುವ ಬಗೆಯನ್ನೂ ಅದಕ್ಕೆ ಕಡಿವಾಣ ಹಾಕುವ ಕಷ್ಟವನ್ನೂ ಅಮೆರಿಕದ ಸೀಮೆಎಣ್ಣೆಯ ಕಥೆಯಿಂದ ಕಲಿಯೋಣ.

1. ಬೆಳೆದ ಬಗೆ

1870ರಲ್ಲಿ ಜಾನ್ ಡಿ. ರಾಕ್‌ಫೆಲ್ಲರ್ ಮತ್ತು ಪಾಲುದಾರರು ಒಹಾಯೋ ರಾಜ್ಯದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಕಟ್ಟಿದರು. ಆಗ ಮನೆಮನೆಯ ದೀಪಕ್ಕೂ ಸೀಮೆಎಣ್ಣೆ ಬೇಕಿತ್ತು. ಕಂಪನಿ ಕಡಿಮೆ ಖರ್ಚಿನಲ್ಲಿ ಎಣ್ಣೆ ಶುದ್ಧೀಕರಿಸಿತು ಎಂಬುದು ನಿಜ. ಆದರೆ ಅದರ ಬಲ ಅಷ್ಟೇ ಅಲ್ಲ. ರೈಲು ಕಂಪನಿಗಳೊಡನೆ ಒಳಒಪ್ಪಂದ ಮಾಡಿಕೊಂಡು ಸಾಗಣೆ ದರದಲ್ಲಿ ಗುಟ್ಟಾಗಿ ರಿಯಾಯಿತಿ ಪಡೆಯಿತು. ಪೂರ್ಣ ದರ ತೆರುತ್ತಿದ್ದ ಅನೇಕ ಸಣ್ಣ ಉದ್ಯಮಿಗಳು ಪೈಪೋಟಿಯಲ್ಲಿ ನಿಲ್ಲಲಾರದೆ ತಮ್ಮ ಕಾರ್ಖಾನೆಗಳನ್ನು ಅದಕ್ಕೇ ಮಾರಿದರು. ಸುಮಾರು 1880ರ ಹೊತ್ತಿಗೆ ದೇಶದ ಎಣ್ಣೆ ಶುದ್ಧೀಕರಣದ ಶೇ. 90ರಷ್ಟು ಅದರ ಹಿಡಿತದಲ್ಲಿತ್ತು.

2. ಕಾನೂನು ಬಂದರೂ ಸಾಲದು

1887ರಲ್ಲಿ ರೈಲು ದರಗಳ ಮೇಲೆ ನಿಗಾ ಇಡಲು ಆಯೋಗ ಬಂತು. 1890ರಲ್ಲಿ ಏಕಸ್ವಾಮ್ಯದ ವಿರುದ್ಧ ಶೆರ್ಮನ್ ಕಾಯ್ದೆ ಬಂತು. ಆದರೆ 1895ರಲ್ಲಿ, ಸಕ್ಕರೆ ಶುದ್ಧೀಕರಣವನ್ನು ಬಹುಪಾಲು ಹಿಡಿದಿದ್ದ ಕಂಪನಿಯ ಮೊಕದ್ದಮೆಯಲ್ಲಿ, ತಯಾರಿಕೆ ಬೇರೆ, ವ್ಯಾಪಾರ ಬೇರೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪಿತ್ತಿತು. 1908ರಲ್ಲಿ ಅದೇ ಕಾಯ್ದೆ ಟೋಪಿ ಕಾರ್ಮಿಕರ ಸಂಘದ ಬಹಿಷ್ಕಾರಕ್ಕೆ ಅನ್ವಯಿಸಿತು. ದೊಡ್ಡ ಮೀನಿಗೆಂದು ಹೆಣೆದ ಬಲೆಗೆ ಸಣ್ಣ ಮೀನು ಬಿತ್ತು.

3. ಬಯಲಾದ ಲೆಕ್ಕ

1902ರಿಂದ ಪತ್ರಕರ್ತೆ ಐಡಾ ಟಾರ್ಬೆಲ್ ದಾಖಲೆಗಳನ್ನು ಜಾಲಾಡಿ ಕಂಪನಿಯ ನಡೆಗಳನ್ನು ಲೇಖನಮಾಲೆಯಾಗಿ ಪ್ರಕಟಿಸಿದರು. ಜನ ಎಚ್ಚೆತ್ತರು. ಸರ್ಕಾರ 1906ರಲ್ಲಿ ದಾವೆ ಹೂಡಿತು. 1907ರಲ್ಲಿ ರಾಷ್ಟ್ರಮಟ್ಟದ ಚುನಾವಣೆಗಳಿಗೆ ಕಂಪನಿಗಳು ಹಣ ಕೊಡುವುದನ್ನು ಕಾನೂನು ನಿಷೇಧಿಸಿತು. 1911ರ ಮೇ 15ರಂದು ಸುಪ್ರೀಂ ಕೋರ್ಟ್ ಸ್ಟ್ಯಾಂಡರ್ಡ್ ಆಯಿಲನ್ನು ಒಡೆಯಲು ಆದೇಶಿಸಿತು, 34 ಕಂಪನಿಗಳಾದವು. ಆದರೂ ಪಾಲುಗಳ ಬೆಲೆ ಏರಿ ರಾಕ್‌ಫೆಲ್ಲರ್ ಇನ್ನಷ್ಟು ಶ್ರೀಮಂತರಾದರು.

4. ಧರ್ಮಸಭೆಯ ಬೋಧನೆ

ಆ ತೀರ್ಪಿಗೆ ಸರಿಯಾಗಿ ಇಪ್ಪತ್ತು ವರ್ಷ ಮೊದಲು, 1891ರ ಮೇ 15ರಂದು, ಪೋಪ್ ಹದಿಮೂರನೇ ಲಿಯೋ ‘ರೇರುಮ್ ನೊವಾರುಮ್’ ಪರಿಪತ್ರ ಹೊರಡಿಸಿದ್ದರು. ಕೆಲವೇ ಕೈಗಳಲ್ಲಿ ವ್ಯಾಪಾರ ಸೇರಿಕೊಂಡದ್ದನ್ನು ಅವರು ಖಂಡಿಸಿದರು. ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯುತ್ತಲೇ, ಬಡವರ ರಕ್ಷಣೆ ಸರ್ಕಾರದ ವಿಶೇಷ ಹೊಣೆ, ಸಂಘ ಕಟ್ಟುವುದು ಕಾರ್ಮಿಕರ ಹಕ್ಕು ಎಂದರು. ಹೊಟ್ಟೆಗಿಲ್ಲದವನು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗದು ಎಂದೂ ಬೋಧಿಸಿದರು. 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್, ಹಣಬಲವು ಸರ್ಕಾರವನ್ನೇ ವಶಮಾಡಿಕೊಳ್ಳಲು ಹೊಂಚುತ್ತದೆ ಎಂದು ಎಚ್ಚರಿಸಿದರು.

ಕಾನೂನು ಬೇಲಿ ಇದ್ದಂತೆ. ಬೇಲಿಯ ಮೇಲೆ ಊರವರ ಕಣ್ಣಿದ್ದರೆ ಮಾತ್ರ ಹೊಲ ಉಳಿದೀತು.

ಚರ್ಚೆಗೆ:
• ನಮ್ಮ ಬೆಳೆಯನ್ನು ಕೊಳ್ಳುವವರು ಎಷ್ಟು ಮಂದಿ? ಬೆಲೆ ಕಟ್ಟುವವರು ಯಾರು?
• ಒಬ್ಬೊಬ್ಬರೇ ಕೇಳಲಾಗದ ನ್ಯಾಯವನ್ನು ಒಟ್ಟಾಗಿ ಹೇಗೆ ಕೇಳಬಹುದು?